ಟೀಚರು ಕೆಡವಿದ ಕಲ್ಲುಗುಪ್ಪೆ

ಟೀಚರು ಹೋದರೆಂಬ ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದೆ. ಫೋನು ಮಾಡಿದವರು ಅವರ ಯಜಮಾನರು, ಭಟ್ಕಳದಿಂದ. "ಬೆಳಿಗ್ಗೆ ಚಾ ಕುಡ್ದು ಕೂತಿದ್ಲು, ಹಾಗೇ ಹೋದ್ಲು" ಎಂದರು. ಇನ್ನಾ ಲಿಲ್ಲಾಹಿ ಎಂದೆ. ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡದ್ದರಿಂದ ಉರಿ ಬೇರೆ. ನನ್ನ ಗಂಡ ಒಳಗೆ ಬಂದು ಏನಾಯಿತೆಂದು ಕೇಳಿದರೆ ನಾನು ಬಂಗುಡೆಯ ಕಡೆಗೆ ಕೈ ತೋರಿಸಿದೆನಂತೆ.

ಮದೀನಾದಲ್ಲಿ ನಾವಿರುವ ಕಟ್ಟಡದಲ್ಲಿ, ಭಟ್ಕಳಕ್ಕೆ ಮರಳುವವರೆಗೆ, ಅವರದ್ದು ನಮ್ಮ ನೆತ್ತಿಯ ಮೇಲಿನ ಮನೆ. ಊರ ಕಡೆಯ ಮಕ್ಕಳು ಹೋಗುವ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಕೆಳಗಿನ ಬಖಾಲದ ಯಮನಿ ಅಂಗಡಿಯವನಿಂದ ಹಿಡಿದು ಕಟ್ಟಡ ಕಾಯುವ ಹಾರಿಸ್ ಮುದುಕನವರೆಗೆ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಹೆಸರು ನನಗೆ ಗೊತ್ತಿಲ್ಲವೆಂದಲ್ಲ, ಆದರೆ ಅವರ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಈಗ ಬರೆಯುವಾಗ ಹೊಸದಾಗಿ ಕರೆಯುವುದು ಸರಿಯೆನಿಸುವುದಿಲ್ಲ.

ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವರ ಕನ್ನಡದಲ್ಲಿ ಬೈಗುಳವೂ ಪಾಠದ ಹಾಗೆ ಕೇಳುತ್ತಿತ್ತು. ನನ್ನ ಮಗಳಿಗೆ ಲೆಕ್ಕ ಹೇಳಿಕೊಡಲು ಸಂಜೆ ಇಳಿದು ಬರುವರು. ಹುಡುಗಿ ಪಟಕ್ಕನೆ ಉತ್ತರ ಬರೆದು ಬೀಗಿದರೆ, "ಉತ್ತರ ಇರ್ಲಿ, ನಡುವಿನ ಸ್ಟೆಪ್ ಎಲ್ಲಿ? ನೀನೇನು ಹಾರಿ ಬಂದ್ಯಾ?" ಎಂದು ಪೆನ್ಸಿಲ್ಲಿನಿಂದ ತಲೆಗೆ ಮೆಲ್ಲಗೆ ಕುಟ್ಟುವರು. ನಾನು ಅನ್ನದ ನೀರನ್ನು ಲೆಕ್ಕವಿಲ್ಲದೆ ಸುರಿಯುವುದನ್ನು ಕಂಡರೂ ಅವರಿಗೆ ಇದೇ ಪ್ರಶ್ನೆ. ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಎನ್ನುವರು, ಆಮೇಲೆ ನಿಂತುಕೊಂಡೇ ಸಾರು ಸುರಿದುಕೊಂಡು ಕುಡಿಯುವರು.

ಅವರಿಗೆ ಒಬ್ಬನೇ ಮಗ. ಊರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದವನು ಇಬ್ಬರು ಗೆಳೆಯರೊಂದಿಗೆ ಕಾರು ಮಾಡಿಕೊಂಡು ಖೈಬರ್ ಕಡೆಯ ಹರ್ರಾಕ್ಕೆ ಹೋದ. ಹರ್ರಾ ಎಂದರೆ ಹಿಂದೆಂದೋ ಬೆಂಕಿಬೆಟ್ಟಗಳು ಉಗುಳಿದ ಕಪ್ಪು ಕಲ್ಲಿನ ಬಯಲು. ದೋಸೆಹಿಟ್ಟು ಹುಳಿ ಬಂದು ಪಾತ್ರೆಯಿಂದ ಉಕ್ಕಿ, ಹರಿದು, ಹಾಗೇ ಒಣಗಿದ ಹಾಗೆ ಕಾಣುತ್ತದೆ. ಕಣ್ಣು ಹಾಯುವವರೆಗೂ ಅದೇ, ನಡುವೆ ಅಲ್ಲಲ್ಲಿ ಬಾಯಿ ತೆರೆದ ಗುಡ್ಡಗಳು. ಒಂದು ಗುಡ್ಡ ಮಾತ್ರ ಬೆಳ್ಳಗೆ. ಅದನ್ನು ನೋಡಲೆಂದೇ ಜನ ಹೋಗುವುದು. ಹುಡುಗರ ಕಾರು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಫೋನಿಗೆ ಸಿಗ್ನಲ್ ಇಲ್ಲ. ಗೆಳೆಯರು ಕಾರಿನ ನೆರಳಲ್ಲಿ ಕುಳಿತರು, ಇವನು ಸಹಾಯ ತರುತ್ತೇನೆಂದು ಹೊರಟ. ಬೇಸಿಗೆ ಶುರುವಾಗಿತ್ತು.

ಆ ಬಯಲಲ್ಲಿ ಅಲೆಮಾರಿ ಬೆದೂಯಿನರು ಹಿಂದಿನಿಂದ ಕಲ್ಲಿನ ಗುಪ್ಪೆ ಒಟ್ಟಿ ದಾರಿ ಗುರುತು ಮಾಡುತ್ತಾರೆ. ಒಂದು ಗುಪ್ಪೆಯ ಹತ್ತಿರ ನಿಂತರೆ ಮುಂದಿನದ್ದು ಕಾಣಬೇಕು, ಅದು ಅವರ ಪದ್ಧತಿ. ಈಗ ಪಿಕ್ನಿಕ್ಕಿಗೆ ಬಂದವರೂ ಫೋಟೋಕ್ಕೆ ಚಂದವೆಂದು ಎಲ್ಲೆಂದರಲ್ಲಿ ಕಲ್ಲಿನ ಮೇಲೆ ಕಲ್ಲಿಡುತ್ತಾರೆ. ಹುಡುಗ ನಂಬಿ ನಡೆದದ್ದು ಅಂಥ ಗುಪ್ಪೆಗಳನ್ನು. ಅವು ಅವನನ್ನು ರಸ್ತೆಯ ಕಡೆ ಒಯ್ಯಲಿಲ್ಲ, ಬೆನ್ನು ಮಾಡಿಸಿ ಒಳಗೆ ಒಯ್ದವು. ಕಾರಿನ ಬಳಿ ಕುಳಿತವರು ಸಂಜೆಗೇ ಸಿಕ್ಕರು. ಇವನು ಸಿಗಲು ಮತ್ತೆ ಕೆಲವು ದಿನ ಹಿಡಿಯಿತು, ಆಗ ಜೀವ ಇರಲಿಲ್ಲ.

ಅವನನ್ನು ಬಕೀಯಲ್ಲಿ ದಫನ ಮಾಡಿದರು. ಪ್ರವಾದಿಯವರ ಮಸೀದಿಯ ಪಕ್ಕದ ಕಬರಸ್ತಾನ ಅದು. ಅಲ್ಲಿ ಜಾಗ ಸಿಗಲೆಂದು ದುಆ ಮಾಡುವ ಮುದುಕರು ನಮ್ಮ ಊರಲ್ಲಿ ಬೇಕಾದಷ್ಟು ಮಂದಿ. ಬಂದವರೆಲ್ಲ ಟೀಚರಿಗೆ ಅದನ್ನೇ ಹೇಳಿದರು, ಎಂಥ ಭಾಗ್ಯ, ಎಂಥ ಭಾಗ್ಯ ಎಂದು. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಆದರೆ ಬಕೀಯ ಒಳಗೆ ಹೆಂಗಸರನ್ನು ಬಿಡುವುದಿಲ್ಲ. ಯಜಮಾನರು ಪ್ರತಿ ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಮಗನ ಹತ್ತಿರ ಹೋಗಿ ಬರುವರು, ಇವರು ಹೊರಗೆ ಗೋಡೆಯ ಪಕ್ಕ ಕಾಯುವರು. ಒಂದು ದಿನ ನಮ್ಮ ಮನೆಯಲ್ಲಿ ಬಟಾಣಿ ಸುಲಿಯುತ್ತಾ ಥಟ್ಟನೆ ಹೇಳಿದರು: "ಅವನಿರೋ ಜಾಗಕ್ಕೆ ನನಗೆ ಹೋಗ್ಲಿಕ್ಕಾಗೂದಿಲ್ಲ. ಅವ ಹೋದ ಜಾಗಕ್ಕಾದ್ರೂ ಒಂದು ಸಲ ಹೋಗ್ಬೇಕು ನಾನು. ಊರಿಗೆ ಹೋಗೂದ್ರೊಳಗೆ."

ಬೇಕಾದದ್ದು ಅಷ್ಟೇ. ಮಗ ಕೊನೆಯುಸಿರು ಬಿಟ್ಟ ನೆಲದ ಮೇಲೆ ಒಮ್ಮೆ ನಿಲ್ಲಬೇಕು.

ಹೇಳಿದಷ್ಟು ಸುಲಭವೇ ಅದು? ಜಾಗ ಯಾವುದೆಂದು ಯಜಮಾನರಿಗೂ ತಿಳಿಯದು. ಅವರಿಗೆ ಮಗನನ್ನು ತೋರಿಸಿದ್ದು ಆಸ್ಪತ್ರೆಯಲ್ಲಿ. ಬಿಳಿಗುಡ್ಡದ ಆಚೆ ಬದಿ ಎಂದಷ್ಟೇ ಯಾರೋ ಹೇಳಿದ್ದರಂತೆ. ಅಷ್ಟರಲ್ಲಿ ಆ ಬಯಲು ಸಂರಕ್ಷಿತ ಪ್ರದೇಶವಾಯಿತು. ಅನುಮತಿ ಬೇಕು, ಗೈಡ್ ಬೇಕು, ಆಚೆ ಬದಿಗೆ ಹೋಗುವುದೇ ಬೇಡವೆಂದು ಬೋರ್ಡು ಬಿತ್ತು. ಆಗ ಟೀಚರು ಮಾಡಿದ್ದೇನು? ಹೆಂಗಸರ ಚಾರಣದ ಗುಂಪೊಂದಕ್ಕೆ ಸೇರಿದರು. ಮೊದಲಾದರೆ ಹೆಂಗಸರು ಹೀಗೆ ಬೆಟ್ಟ ಹತ್ತಲು ಹೋಗುವುದೆಂದರೆ ಇಲ್ಲಿ ಊಹಿಸಲೂ ಆಗದು. ಈಗ ಚಳಿಗಾಲದ ಶನಿವಾರಗಳಲ್ಲಿ ಸೌದಿ ಹೆಣ್ಣುಮಕ್ಕಳೇ ಕೋಸ್ಟರ್ ಬಸ್ಸು ತುಂಬಿ ಹೊರಡುತ್ತಾರೆ.

ಸೇರಿದವರು ಸುಮ್ಮನೆ ಸೇರಬೇಕಲ್ಲ, ನನ್ನನ್ನೂ ಎಳೆದರು. ನಾನು ಶನಿವಾರ ಬಿಸಿಲು ಕಿಟಕಿಗೆ ಬರುವವರೆಗೆ ಮಲಗುವ ಹೆಂಗಸು. ಲಿಫ್ಟ್ ಕೆಟ್ಟರೆ ಬಖಾಲಕ್ಕೂ ಇಳಿಯುವವಳಲ್ಲ. "ನನ್ನ ಮಂಡಿ ನೋಡಿ ಟೀಚರೇ" ಎಂದೆ. "ಮಂಡಿ ಯಾರಿಗೆ ಬೇಕು? ನಿನ್ನ ಅರಬ್ಬಿ ಬೇಕು ನನಗೆ" ಎಂದರು. ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ವರ್ಷಗಟ್ಟಲೆ ಬೈಸಿಕೊಂಡು ಕಲಿತ ಅರಬ್ಬಿ ನನ್ನದು. ಟೀಚರಿಗೆ ಇಷ್ಟು ವರ್ಷ ಇದ್ದರೂ ಯಲ್ಲಾ, ಖಲಾಸ್, ಮಾಫಿ ಮುಷ್ಕಿಲ್ ದಾಟಿ ಅರಬ್ಬಿ ಬಂದಿರಲಿಲ್ಲ. ಶಾಲೆ, ಮನೆ, ಮಸೀದಿ ಇಷ್ಟರಲ್ಲೇ ಓಡಾಡಿದವರಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಅವರು ನಡೆಯುವುದನ್ನು ನೀವು ನೋಡಬೇಕಿತ್ತು. ಅಬಾಯಾದ ಅಂಚನ್ನು ಪಿನ್ನು ಹಾಕಿ ಮೇಲೆತ್ತಿಕೊಂಡು, ತಲೆಯ ಮೇಲೆ ಶಾಲೆಗೆ ಒಯ್ಯುವ ಅದೇ ಕೊಡೆ. ಹೆಗಲ ಚೀಲದಲ್ಲಿ ಉಪ್ಪು ಹಾಕಿದ ಗಂಜಿನೀರಿನ ಫ್ಲಾಸ್ಕು, ಡಬ್ಬಿಯಲ್ಲಿ ಶಾವಿಗೆ ಬಿರಿಯಾನಿ. ಕಪ್ಪು ಕಲ್ಲುಗಳು ಕಾಲಡಿಯಲ್ಲಿ ತಗಡಿನ ಹಾಗೆ ಸದ್ದು ಮಾಡುತ್ತವೆ, ಒಂದೊಂದೂ ಬ್ಲೇಡು. ಯುವತಿಯರು ಜಿಗಿದುಕೊಂಡು ಹೋಗಿ ಮುಂದೆ ಕಾಲು ತಿರುಚಿಕೊಂಡು ಕುಳಿತಿರುತ್ತಿದ್ದರು. ಟೀಚರು ಮಾತ್ರ ಒಂದು ಪಾದ ಊರಿ, ಅದು ನಿಂತಿತೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಎತ್ತುವರು. ಎಲ್ಲರಿಗಿಂತ ಕೊನೆಗೆ ತಲುಪುವರು, ಆದರೆ ತಲುಪದೆ ಇದ್ದದ್ದಿಲ್ಲ. ಹಿಂದಿನಿಂದ ನಾನು ಗೊಣಗುತ್ತಾ ಬರುವುದು ಕೇಳಿಸಿದರೆ ತಿರುಗದೆಯೇ, "ಬಾಯಿ ಮುಚ್ಚಿ ಬಾ ಮಾರಾಯ್ತಿ, ಉಸಿರು ಉಳೀತದೆ" ಎನ್ನುವರು.

ಇನ್ನೊಂದು ಕೆಲಸ ಅವರಿಗಿತ್ತು. ಪಿಕ್ನಿಕ್ಕಿನವರು ಒಟ್ಟಿದ ಗುಪ್ಪೆ ಕಂಡಲ್ಲಿ ನಿಂತು ಅದನ್ನು ಬಿಚ್ಚುವುದು. ನಮ್ಮ ಗೈಡ್ ಖೈಬರ್ ಕಡೆಯ ಹೆಣ್ಣುಮಗಳು. ಹಳೆಯ ಗುಪ್ಪೆಗೂ ಹೊಸದಕ್ಕೂ ವ್ಯತ್ಯಾಸ ಅವಳೇ ಕಲಿಸಿದ್ದು. ಹಳೆಯದರ ಕಲ್ಲುಗಳು ಬಿಸಿಲಿಗೆ ಸುತ್ತಲೂ ಒಂದೇ ಸಮ ಕಪ್ಪಾಗಿ ಮಣ್ಣಿಗೆ ಕಚ್ಚಿರುತ್ತವೆ, ಅವನ್ನು ಮುಟ್ಟಬಾರದು. ಹೊಸದರಲ್ಲಿ ನೆಲಕ್ಕೆ ಕಚ್ಚಿದ್ದ ಮಾಸಲು ಬದಿ ಹೊರಗೆ ತಿರುಗಿರುತ್ತದೆ. ಅಂಥದ್ದನ್ನು ಕೆಡವುವುದಕ್ಕೆ ಅವಳ ಒಪ್ಪಿಗೆ ಇತ್ತು. ಟೀಚರು ಅದನ್ನು ಒದ್ದು ಬೀಳಿಸುತ್ತಿರಲಿಲ್ಲ. ಮೇಲಿನಿಂದ ಒಂದೊಂದೇ ಕಲ್ಲು ಇಳಿಸಿ, ಕಪ್ಪು ಬದಿ ಮೇಲೆ ಬರುವಂತೆ ಅಲ್ಲಲ್ಲಿ ಮಲಗಿಸುವರು. ಒಮ್ಮೆ ಕಾಲೇಜು ಹುಡುಗಿಯರ ಗುಂಪೊಂದು ನಮ್ಮ ಕಣ್ಣೆದುರೇ ಗೋಪುರ ಕಟ್ಟತೊಡಗಿತು. ಟೀಚರು ಕೊಡೆ ಎತ್ತಿ ಹಿಡಿದು, "ಲಾ ಹಜರ್! ಲಾ! ಬೈತ್ ರೂಹ್!" ಎಂದು ಓಡಿದರು. ಕಲ್ಲು ಬೇಡ, ಮನೆಗೆ ಹೋಗಿ ಎಂದು ಅದರ ಅರ್ಥವಾಗಬೇಕು. ಹುಡುಗಿಯರು ನಕ್ಕೂ ನಕ್ಕೂ ಸುಸ್ತಾದರು. ನಾನು ಹೋಗಿ ಕಾರಣ ಹೇಳಿದೆ. ನಗು ನಿಂತಿತು. ತಾವೇ ಕಲ್ಲು ಇಳಿಸಿದರು, ಒಬ್ಬಳು ಬಂದು ಟೀಚರ ಹಣೆಗೆ ಮುತ್ತು ಕೊಟ್ಟಳು. "ಎಂತ ಹೇಳ್ದೆ ಅವ್ರಿಗೆ?" ಎಂದು ಟೀಚರು ನನ್ನನ್ನು ಗದರಿಸಿದರು. ತಮ್ಮ ದುಃಖ ಊರ ಮೇಲೆ ಹಾಕುವುದು ಅವರಿಗೆ ಆಗದು.

ಹಾಗೆಂದು ದುಃಖ ಮುಚ್ಚಿಡಲು ಅವರಿಗೆ ಬರುತ್ತಿತ್ತೇ? ಅದೂ ಇಲ್ಲ. ವೇಗ, ದೂರ, ಸಮಯದ ಲೆಕ್ಕದ ಪಾಠ ಬಂದಾಗ ಇನ್ನೊಬ್ಬ ಟೀಚರಿಗೆ ಕ್ಲಾಸು ಬಿಟ್ಟುಕೊಡುತ್ತಿದ್ದರೆಂದು ಮಗಳು ಹೇಳಿದ್ದಳು. ಒಬ್ಬ ಮನುಷ್ಯ ಇಂಥ ಊರಿನಿಂದ ಹೊರಟು ನಡೆಯುತ್ತಾನೆ ಎಂದು ಶುರುವಾಗುವ ಲೆಕ್ಕಗಳಲ್ಲವೇ ಅವು. ಆ ಹೊತ್ತು ಸ್ಟಾಫ್ ರೂಮಿನಲ್ಲಿ ಕುಳಿತು ಡಸ್ಟರ್ ಕೊಡವುತ್ತಿದ್ದರಂತೆ, ಧೂಳೆಲ್ಲ ಹೋದ ಮೇಲೂ.

ಹೋದಲ್ಲೆಲ್ಲ ಅವರು ನನ್ನಿಂದ ಕೇಳಿಸುವುದು ಒಂದೇ ಪ್ರಶ್ನೆ. ಆಡು ಮೇಯಿಸುವವನಿಗೆ, ಪೆಟ್ರೋಲ್ ಹಾಕುವವನಿಗೆ, ಗೇಟಿನ ಕಾವಲುಗಾರನಿಗೆ. ಒಬ್ಬ ಹುಡುಗ ಸಿಕ್ಕಿದನಲ್ಲ, ಎಲ್ಲಿ ಅದು? ತಾಯಿ ಎಂದು ಹೇಳಬಾರದೆಂದು ಕಟ್ಟಪ್ಪಣೆ. ಹೇಳಿದರೆ ಅಯ್ಯೋ ಪಾಪವೆಂದು ಸುಳ್ಳು ಜಾಗ ತೋರಿಸಿಬಿಡುತ್ತಾರೆಂದು ಅವರ ಹೆದರಿಕೆ. ಯಾರಿಗೂ ಗೊತ್ತಿರಲಿಲ್ಲ. ಸುದ್ದಿ ಕೇಳಿದ್ದವರು ಆಚೆ ಬದಿ ಎಂದು ಕೈ ಬೀಸುತ್ತಿದ್ದರು. ಅಷ್ಟರಲ್ಲಿ ಶಾಲೆಯವರು ನಿವೃತ್ತಿಯ ಮಾತು ತೆಗೆದರು. ಯಜಮಾನರು ಮೊದಲೇ ಕೆಲಸ ಬಿಟ್ಟಿದ್ದರು. ಇಲ್ಲಿರಲು ಕೊಟ್ಟ ಇಕಾಮಾ ಮುಗಿದರೆ ಫೈನಲ್ ಎಕ್ಸಿಟ್, ಆಮೇಲೆ ಭಟ್ಕಳ. ಅದು ಅವರ ಕೊನೆಯ ಚಳಿಗಾಲ.

ಆ ಚಳಿಗಾಲದಲ್ಲೇ ಗೈಡ್ ಹುಡುಗಿ ಬಂದು, ಆಚೆ ಬದಿಗೆ ಸಣ್ಣ ಗುಂಪನ್ನು ಬಿಡುತ್ತಾರಂತೆ, ಅಲ್ಲಿಯ ಕಾವಲಿನವರು ಜೊತೆಗಿರಬೇಕಂತೆ ಎಂದಳು. ಟೀಚರು ಹಿಂದಿನ ದಿನವೇ ಡಬ್ಬಿಗೆ ತುಂಬಿಸಿಟ್ಟರು.

ಬಿಳಿಗುಡ್ಡವನ್ನು ಬಳಸಿ ಹೋದೆವು. ಅಲ್ಲಿಂದ ಮುಂದೆ ಹಾದಿಯೆಂಬುದಿಲ್ಲ, ಕಾವಲಿನವನು ಮುಂದೆ, ನಾವು ಹಿಂದೆ. ನಮಗೆ ಹೊಸ ಮನುಷ್ಯ, ನರೆತ ಗಡ್ಡ, ಮಾತು ಕಡಿಮೆ. ಊಟವಾದ ಮೇಲೆ ಅವನನ್ನೂ ಕೇಳು ಎಂದಿದ್ದರು ಟೀಚರು. ನಮಾಜಿಗೂ ಊಟಕ್ಕೂ ನಿಂತಾಗ ಅವನು ಒಂದು ಬಂಡೆಯ ಹಿಂದೆ ಗಹ್ವಾ ಕಾಫಿ ಕಾಯಿಸಲು ಕುಳಿತ. ಊಟ ಮುಗಿಸಿ ನಾನು ಶೂ ಬಿಚ್ಚಿ ಗುಳ್ಳೆ ನೋಡಿಕೊಳ್ಳುತ್ತಿದ್ದೆ. ಟೀಚರು ಸ್ವಲ್ಪ ದೂರದ ದಿಬ್ಬದ ಮೇಲೆ ಒಂದು ಗುಪ್ಪೆ ಕಂಡರು. ಮಾಸಲು ಬದಿ ಹೊರಗಿತ್ತು. "ಇಲ್ಲಿಗೂ ಬಂದ್ರಾ ಇವ್ರು, ಥೂ!" ಎಂದು ಬಯ್ಯುತ್ತಾ ಹೋದರು. ನಾನು ನೋಡುತ್ತಲೇ ಇದ್ದೆ. ಒಂದೊಂದೇ ಕಲ್ಲು ಇಳಿಸಿದರು, ಕಪ್ಪು ಬದಿ ಮೇಲೆ ಮಾಡಿ ಮಲಗಿಸಿದರು. ಕೊನೆಯ ಕಲ್ಲು ಇಡುವ ಹೊತ್ತಿಗೆ ಕಾವಲಿನವನು ಓಡಿಬಂದ.

"ಹರಾಮ್ ಅಲೈಕುಂ!" ಪಾಪ ಕಟ್ಟಿಕೊಂಡಿರಿ ಎಂದು ಕೂಗಿದ. ನಾನು ಬರಿಗಾಲಲ್ಲೇ ಎದ್ದೆ. ಅವನು ಹೇಳಿದ್ದು ಇಷ್ಟು: ಇದು ಆಟಕ್ಕೆ ಒಟ್ಟಿದ್ದಲ್ಲ, ನಾನೇ ಇಟ್ಟದ್ದು. ಇಲ್ಲಿ ಒಬ್ಬ ಹಿಂದಿ ಹುಡುಗ ಸಿಕ್ಕಿದ. ಹುಡುಕಲು ಬಂದವರಲ್ಲಿ ನಾನೂ ಇದ್ದೆ, ಮೊದಲು ಕಂಡವನು ನಾನು. ಯಾರಾದರೂ ಅವನಿಗೊಂದು ಫಾತಿಹಾ ಓದಲಿ ಎಂದು ಕಲ್ಲಿಟ್ಟೆ.

ಇಲ್ಲಿಯವರ ಬಾಯಲ್ಲಿ ಹಿಂದಿ ಎಂದರೆ ಇಂಡಿಯಾದವನು.

ಟೀಚರು ಕೈಯ ಮಣ್ಣು ಕೊಡವಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. "ಎಂತಂತೆ ಅವಂದು? ಫೈನ್ ಹಾಕ್ತಾನಂತಾ?"

ಹೌದು, ಫೈನಂತೆ ಎಂದು ಹೇಳಿಬಿಡೋಣ ಅನ್ನಿಸಿತು. ಅಲ್ಲಾಹನಾಣೆ ಅನ್ನಿಸಿತು. ಆದರೆ ಇಷ್ಟು ವರ್ಷ ಅವರು ನನ್ನನ್ನು ಎಳೆದುಕೊಂಡು ಬಂದದ್ದು ಈ ಒಂದು ಮಾತಿಗಾಗಿ ತಾನೇ. ನಾನು ಮೊದಲು ಅವನ ಕಡೆ ತಿರುಗಿ, "ಹಾದಿ ಉಮ್ಮುಹ್" ಎಂದೆ. ಇವರು ಅವನ ತಾಯಿ. ಆಮೇಲೆ ಟೀಚರ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲಿ ಹೇಳಿದೆ.

ಅವರು ಕೈ ಬಿಡಿಸಿಕೊಂಡರು. ನೆಲ ನೋಡಿದರು. ತಾವೇ ಹರಡಿದ ಕಲ್ಲುಗಳ ನಡುವೆ ನಿಂತಿದ್ದರು, ಕಾಲು ಎಲ್ಲಿಡಬೇಕೆಂದು ತಿಳಿಯದೆ ಇಟ್ಟಲ್ಲಿಂದ ಎತ್ತಲೇ ಇಲ್ಲ. "ಕೇಳು ಅವನ ಹತ್ರ" ಎಂದರು. "ಹೇಗಿದ್ದ ಅಂತ ಕೇಳು."

ಕಾವಲಿನವನ ದನಿ ಇಳಿದಿತ್ತು. ಬಿದ್ದು ಸತ್ತವನ ಹಾಗೆ ಇರಲಿಲ್ಲ, ಬಲ ಮಗ್ಗುಲಿಗೆ ಮಲಗಿದ್ದ, ಕೈ ಕೆನ್ನೆಯ ಅಡಿಗಿತ್ತು, ಶೂ ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ ಎಂದ. ನಾನು ಹಾಗೆಯೇ ಹೇಳಿದೆ.

"ಜೋಡಿಸಿಟ್ಟಿದ್ನಾ? ಸರಿ ಕೇಳು. ಬಿದ್ಕೊಂಡಿದ್ದದ್ದಾ, ಜೋಡಿಸಿಟ್ಟದ್ದಾ?"

ಕೇಳಿದೆ. ಅವನು ಎರಡು ಅಂಗೈಗಳನ್ನು ಒಂದರ ಪಕ್ಕ ಒಂದು ಸಮನಾಗಿ ಹಿಡಿದು ತೋರಿಸಿದ.

ಟೀಚರು ಅಲ್ಲೇ ಕುಸಿದರು. "ಮನೇಲಿ ಒಂದು ದಿನ ಜೋಡಿಸಿಡ್ಲಿಲ್ಲ ಮಾರಾಯ್ತಿ ಅವ. ಒಂದು ಸೋಫಾದಡಿ, ಒಂದು ಬಾಗಿಲ ಹತ್ರ. ಎಷ್ಟು ಬೈದಿದ್ದೇನೆ ಅವನಿಗೆ, ಎಷ್ಟು ಬೈದಿದ್ದೇನೆ..." ಎಂದು ಎದೆ ಬಡಿದುಕೊಂಡು ಅತ್ತರು. ನಾನು ಅವರು ಅಳುವುದನ್ನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ. ಗೈಡ್ ಹುಡುಗಿ ಬಂದು ನಮ್ಮಿಬ್ಬರನ್ನೂ ತಬ್ಬಿಕೊಂಡಳು. ಕಾವಲಿನವನು ಆಚೆ ತಿರುಗಿ ತಲೆಗೆ ಸುತ್ತಿದ ಶಿಮಾಗಿನ ತುದಿಯಿಂದ ಮೂಗೊರೆಸಿಕೊಳ್ಳುತ್ತಿದ್ದ.

ಅಳು ನಿಂತ ಮೇಲೆ ಅವನು ಬಗ್ಗಿ ಕಲ್ಲು ಎತ್ತತೊಡಗಿದ, ಮತ್ತೆ ಗುಪ್ಪೆ ಮಾಡಲಿಕ್ಕೆ. ಟೀಚರು ಅವನ ಕೈಯಿಂದ ಕಲ್ಲು ತೆಗೆದುಕೊಂಡರು. "ಬೇಡ ಅಂತ ಹೇಳು" ಎಂದರು ನನಗೆ.

ನನಗೆ ಸಿಟ್ಟು ಬಂತು. "ಟೀಚರೇ, ನಿಮಗೆಂತ ಮರುಳಾ? ಇನ್ನೊಮ್ಮೆ ಬರ್ಲಿಕ್ಕುಂಟಾ ನೀವು? ಒಂದು ಗುರುತಾದ್ರೂ ಬೇಡ್ವಾ? ಅಲ್ಲಿ ಬಕೀ ಬಾಗಿಲಲ್ಲಿ ನಿಲ್ಲೂದು, ಇಲ್ಲಿ ಸಿಕ್ಕಿದ್ದನ್ನೂ ಬಿಡೂದಾ?"

"ಗುರುತು ನಂಬಿಯೇ ಅಲ್ವಾ ಅವ ಇಲ್ಲಿಗೆ ಬಂದದ್ದು?" ಎಂದರು. ದನಿ ಕ್ಲಾಸಿನಲ್ಲಿ ಇರುವಷ್ಟೇ ಗಟ್ಟಿಯಿತ್ತು. "ನಾಳೆ ಇನ್ಯಾರದ್ದೋ ಮಗ ದಾರಿ ತಪ್ತಾನೆ. ದೂರದಿಂದ ಈ ಗುಪ್ಪೆ ಕಾಣ್ತದೆ. ಅಗೋ ಜನ ಬಂದ ಜಾಗ ಅಂತ ಇತ್ಲಾಗೇ ನಡೀತಾನೆ. ಇಲ್ಲಿ ಎಂತ ಉಂಟು ಅವನಿಗೆ? ನೀರುಂಟಾ, ನೆರಳುಂಟಾ?"

ಟೀಚರು ಕೈಯಲ್ಲಿದ್ದ ಕಲ್ಲನ್ನು ಕಪ್ಪು ಬದಿ ಮೇಲೆ ಮಾಡಿ ಮಲಗಿಸಿದರು. ಆಮೇಲೆ ಮಗ ಮಲಗಿದ್ದ ಕಡೆ ಅಂಗೈ ಊರಿ ಸ್ವಲ್ಪ ಹೊತ್ತು ಕುಳಿತರು. ಫಾತಿಹಾ ಓದಿದರು. ಹೊರಡೋಣ ಎಂದು ತಾವೇ ಹೇಳಿದರು. ಸ್ವಲ್ಪ ದೂರ ಬಂದು ತಿರುಗಿ ನೋಡಿದರೆ ಯಾವ ದಿಬ್ಬವೆಂದೇ ತಿಳಿಯಲಿಲ್ಲ, ಎಲ್ಲ ಒಂದೇ ಕಪ್ಪು. ಅವರು ಎರಡು ಸಲ ತಿರುಗಿದರು, ಮತ್ತೆ ತಿರುಗಲಿಲ್ಲ. ಆ ವರ್ಷ ಶಾಲೆ ಮುಗಿದದ್ದೇ ಊರಿಗೆ ಹೋದರು.

ಊರಿನಿಂದ ಫೋನು ಮಾಡಿದಾಗೆಲ್ಲ ಸಮುದ್ರದ ಬದಿ ನಡೆಯುತ್ತೇನೆ, ಮರಳಲ್ಲಿ ಕಾಲು ಹೂತು ಬೇಜಾರು ಎನ್ನುತ್ತಿದ್ದರು. ಮಗಳ ಮಾರ್ಕ್ಸು ಕೇಳುವರು, ನನ್ನ ಮಂಡಿ ಕೇಳುವರು. ಹರ್ರಾದ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಸುದ್ದಿ ಹೇಳಿದ ದಿನವೇ ಯಜಮಾನರು ಇದನ್ನೂ ಹೇಳಿದರು: "ಬಕೀಗೆ ನಿನ್ನ ಗಂಡ ಹೋಗ್ಲಿ ಅಮ್ಮಾ. ಆದ್ರೆ ಆ ಹರ್ರಾದ ಜಾಗಕ್ಕೆ ನೀನೇ ಹೋಗ್ಬೇಕಂತೆ. ನಾನು ತೀರಿಹೋದ್ರೆ ಮಗನಿಗೆ ತಿಳಿಸ್ಲಿಕ್ಕೆ ಅವಳಿಗೆ ಹೇಳಿ ಅಂತ ಹೇಳಿದ್ಲು."

ಕಳೆದ ಶನಿವಾರ ಹೋದೆ. ಆ ಕಾವಲಿನವನಿಗೆ ಬೇರೆ ಕಡೆ ವರ್ಗವಾಗಿದೆಯಂತೆ. ಈಗಿರುವವನಿಗೆ ಏನೂ ಗೊತ್ತಿಲ್ಲ. ಗೈಡ್ ಹುಡುಗಿ ಇದೇ ಇರಬೇಕು, ಇದಲ್ಲದಿದ್ದರೆ ಅದು ಎಂದು ಎರಡು ಮೂರು ದಿಬ್ಬ ತೋರಿಸಿದಳು. ಹತ್ತಿ ಇಳಿದು ನನ್ನ ಮಂಡಿ ಸತ್ತಿತು. ಒಂದು ಕಲ್ಲಾದರೂ ಇಡಲು ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಟೀಚರನ್ನು ಬಾಯಿತುಂಬಾ ಬೈದೆ. ಸುತ್ತ ಎಲ್ಲೂ ಒಂದು ಬಾಟಲಿ ಇಲ್ಲ, ಟಯರಿನ ಗೀರಿಲ್ಲ, ಮನುಷ್ಯರು ಬಂದ ಯಾವ ಕುರುಹೂ ಇಲ್ಲ. ಆ ಕಡೆಗೆ ಯಾರೂ ಬಂದಿರಲಿಲ್ಲ.

ಯಾವ ದಿಕ್ಕಿಗೆ ಮುಖ ಮಾಡಬೇಕೆಂದು ತಿಳಿಯದೆ ನಡುವೆ ನಿಂತು ಹುಡುಗನ ಹೆಸರು ಹಿಡಿದು ಗಟ್ಟಿಯಾಗಿ ಸಲಾಂ ಹೇಳಿದೆ. ಆಮೇಲೆ ಹೇಳಬೇಕಾದದ್ದನ್ನು ಹೇಳಿದೆ, ಕನ್ನಡದಲ್ಲೇ. "ಮಗಾ, ನಿನ್ನ ಅಮ್ಮ ಹೋದ್ರು."